ಎರಡು ಡಯಾಲಿಸಿಸ್ ನಡುವೆ ಅಪ್ಪನ ಬೈಪಾಸ್

ಅಪ್ಪನನ್ನು ಬೆಂಗಳೂರಿನಿಂದ ಮನೆಗೆ ಕರೆತಂದು ಇವತ್ತಿಗೆ ಏಳು ವಾರ. ಎದೆಯ ಗಾಯ ಒಣಗಿದೆ. ಕಾಲಿನ ಗಾಯ ಮೊಣಕಾಲ ಹತ್ತಿರ ಇನ್ನೂ ಸ್ವಲ್ಪ ಜಿನುಗುತ್ತದೆ. ನನಗೂ ರಾತ್ರಿ ನಿದ್ದೆ ಬರಲು ಶುರುವಾಗಿದೆ. ಮರೆತುಹೋಗುವ ಮೊದಲು ಬರೆದುಬಿಡೋಣ ಅಂತ ಕೂತೆ. ನಾನು ಡಾಕ್ಟರಲ್ಲ, ಬರೀ ಮಗ. ಔಷಧಿ, ಡೋಸು ಎಲ್ಲ ನಿಮ್ಮ ಡಾಕ್ಟರನ್ನೇ ಕೇಳಿ. ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದಷ್ಟೇ ಇಲ್ಲಿದೆ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ತೆಂಗಿನ ತೋಟ. ಅಪ್ಪನಿಗೆ 63 ವರ್ಷ, ಸಕ್ಕರೆ ಕಾಯಿಲೆಗೆ 20 ವರ್ಷ. ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್, ಅಂದರೆ ಮಿಷಿನ್ನಿನಲ್ಲಿ ರಕ್ತ ಶುದ್ಧ ಮಾಡಿ ಜಾಸ್ತಿ ನೀರು ತೆಗೆಯುವುದು. ಎಡಗೈಯಲ್ಲಿ ಫಿಸ್ಟುಲಾ ಇದೆ. ಮಿಷಿನ್ನಿನ ಸೂಜಿ ಹಾಕಲು ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ ಜಾಗ ಅದು. ಡಯಾಲಿಸಿಸ್ ಸರ್ಕಾರಿ ಕೇಂದ್ರದಲ್ಲೇ ಮಾಡಿಸುವುದು, ಅಲ್ಲಿ ದುಡ್ಡು ಕೊಡಬೇಕಿಲ್ಲ.

ಸಂಕ್ರಾಂತಿ ಆದಮೇಲೆ ಒಂದು ಹೊಸ ತೊಂದರೆ ಶುರುವಾಯಿತು. ಮಿಷಿನ್ ಹಾಕಿ ಎರಡು ಗಂಟೆ ಆಗುವಷ್ಟರಲ್ಲಿ ಬಿಪಿ ಕುಸಿಯುತ್ತಿತ್ತು. ಮೈಯೆಲ್ಲ ಬೆವರು, ದವಡೆಯಲ್ಲಿ ಹಿಡಿದ ಹಾಗೆ ನೋವು. ಕಾಲು ಎತ್ತಿ ಮಲಗಿಸಿ ಸಲೈನ್ ಕೊಟ್ಟರೆ ಸರಿಹೋಗುತ್ತಿತ್ತು. ನೀರು ಜಾಸ್ತಿ ಎಳೆದಿದ್ದಾರೆ ಅಂತ ನಾವು, ಗ್ಯಾಸ್ಟ್ರಿಕ್ ಅಂತ ಅಪ್ಪ. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟಳು. ಒಂದು ತಿಂಗಳು ಹೀಗೇ ಹೋಯಿತು. ಕೊನೆಗೆ ಅಲ್ಲಿನ ಟೆಕ್ನಿಷಿಯನ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣ, ಇದು ಗ್ಯಾಸ್ ಅಲ್ಲ ಅನ್ಸುತ್ತೆ, ಒಂದು ಎಕೋ ಮಾಡಿಸಿ" ಅಂದಳು. ಆ ಹುಡುಗಿಗೆ ನಾವು ಋಣಿ. ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವು ಎದೆಯಲ್ಲೇ ಬರಬೇಕು ಅಂತೇನಿಲ್ಲ. ಕೆಲವರಿಗೆ ನೋವೇ ಇರುವುದಿಲ್ಲ. ಅದು ನಮಗೆ ಆಮೇಲೆ ಗೊತ್ತಾಯಿತು.

ಎಕೋ ಅಂದರೆ ಹೃದಯದ ಸ್ಕ್ಯಾನ್. ಅದರಲ್ಲಿ ಹೃದಯದ ಪಂಪಿಂಗ್ ಶೇಕಡಾ 40 ಅಂತ ಬಂತು. ನಾರ್ಮಲ್ ಅಂದರೆ 55ರ ಮೇಲಿರಬೇಕು. ಮುಂದೆ ಆಂಜಿಯೋಗ್ರಾಮ್, ಅಂದರೆ ಕೈ ಅಥವಾ ತೊಡೆಯ ನಾಳದಿಂದ ಕೊಳವೆ ತೂರಿಸಿ, ಡೈ ಬಿಟ್ಟು ಹೃದಯದ ನಾಳಗಳ ಚಿತ್ರ ತೆಗೆಯುವುದು. ಇಲ್ಲಿ ಮೊದಲ ಗೊಂದಲ. ಅದಕ್ಕೆ ಹಾಕುವ ಡೈ ಕಿಡ್ನಿಗೆ ಕೆಟ್ಟದ್ದು ಅಂತ ಊರಿಗೆಲ್ಲ ಗೊತ್ತು. ಕೆಟ್ಟುಹೋದ ಕಿಡ್ನಿಗೆ ಇನ್ನೇನು ಕೆಡುತ್ತದೆ ಅಂತ ನಾನಂದುಕೊಂಡಿದ್ದೆ. ಆದರೆ ಅಪ್ಪನಿಗೆ ದಿನಕ್ಕೆ ಒಂದು ಲೋಟದಷ್ಟು ಮೂತ್ರ ಇನ್ನೂ ಬರುತ್ತಿತ್ತು. ಕಿಡ್ನಿ ಡಾಕ್ಟರ್ ಪ್ರಕಾರ ಅದೂ ಅಮೂಲ್ಯ. ಡೈ ಆದಷ್ಟು ಕಡಿಮೆ ಹಾಕಿ ಅಂತ ಚೀಟಿ ಬರೆದುಕೊಟ್ಟರು. ಇನ್ನೊಂದು ಮಾತನ್ನೂ ಬರೆದರು: ಮಣಿಕಟ್ಟಿನಿಂದ ಬೇಡ, ತೊಡೆಯಿಂದ ಮಾಡಿ. ಈಗ ಎಲ್ಲ ಕಡೆ ಮಣಿಕಟ್ಟಿನಿಂದಲೇ ಮಾಡುವುದು ರೂಢಿ. ಆದರೆ ಎಡಗೈಯಲ್ಲಿ ಫಿಸ್ಟುಲಾ ಇದೆ. ಅದು ನಾಳೆ ಮುಚ್ಚಿದರೆ ಬಲಗೈಯಲ್ಲಿ ಮಾಡಬೇಕು. ಅಲ್ಲಿನ ರಕ್ತನಾಳ ಹಾಳಾಗಬಾರದು. ಚೀಟಿ ಇಲ್ಲದಿದ್ದರೆ ಬಲಗೈ ಮಣಿಕಟ್ಟಿಗೇ ಚುಚ್ಚುತ್ತಿದ್ದರು. ಅಲ್ಲಿ ಆಗಲೇ ಕ್ಲೀನ್ ಮಾಡಿ ಇಟ್ಟಿದ್ದರು!

ಅವತ್ತು ನನಗೆ ಒಂದು ವಿಷಯ ತಲೆಗೆ ಹೋಯಿತು. ಹಾರ್ಟಿನವರಿಗೆ ಹಾರ್ಟ್ ಗೊತ್ತು, ಕಿಡ್ನಿಯವರಿಗೆ ಕಿಡ್ನಿ ಗೊತ್ತು. ಇಬ್ಬರ ನಡುವೆ ಅಂಚೆಯವನು ನಾನೇ. ಬಸ್ ಸ್ಟ್ಯಾಂಡಿನಲ್ಲಿ 40 ರೂಪಾಯಿಯ ಒಂದು ನೋಟ್‌ಬುಕ್ ತಗೊಂಡೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಡಯಾಲಿಸಿಸ್ ದಿನಗಳು, ಡ್ರೈ ವೇಟ್ 58 ಕೆಜಿ, ಫಿಸ್ಟುಲಾ ಎಡಗೈ, ಹೆಪಾರಿನ್ (ಮಿಷಿನ್ನಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕುವ ಔಷಧಿ) ಎಷ್ಟು, ದಿನಕ್ಕೆ ನೀರು 750 ಎಂಎಲ್, ಯಾವ ಔಷಧಿ ಅಲರ್ಜಿ. ಡ್ರೈ ವೇಟ್ ಅಂದರೆ ಮೈಯಲ್ಲಿ ಸೇರಿದ ಜಾಸ್ತಿ ನೀರನ್ನೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕ. ಈ 58ರ ವಿಷಯ ಕೊನೆಯಲ್ಲಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮೂರೂ ಮುಖ್ಯ ನಾಳಗಳಲ್ಲಿ ಬ್ಲಾಕ್ ಅಂತ ರಿಪೋರ್ಟ್ ಬಂತು. ಅದೂ ಸುಣ್ಣ ಕಟ್ಟಿದ ಬ್ಲಾಕ್. ಡಯಾಲಿಸಿಸ್‌ನವರಿಗೆ ಇದು ಜಾಸ್ತಿಯಂತೆ. ಕ್ಯಾಲ್ಸಿಯಂ, ಫಾಸ್ಫರಸ್ ಲೆಕ್ಕ ತಪ್ಪಿ ನಾಳದ ಗೋಡೆಯಲ್ಲೇ ಸುಣ್ಣ ಕೂರುತ್ತದೆ.

ಆಮೇಲಿನ ಮೂರು ವಾರ ನರಕ. ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಬೇಡ, ಮಾತ್ರೆಯಲ್ಲೇ ನೋಡೋಣ ಅಂದರು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಡಯಾಲಿಸಿಸ್ ಪೇಷಂಟನ್ನು ಮುಟ್ಟುವ ಮನಸ್ಸು ಅವರಿಗಿರಲಿಲ್ಲ. ಇನ್ನೊಂದು ಕಡೆ ಸುಣ್ಣವನ್ನು ಕೊರೆದು ಮೂರು ಸ್ಟೆಂಟ್ ಹಾಕೋಣ ಅಂದರು. ಮೂರನೇ ಕಡೆ ಸರ್ಜನ್ ಸಿಡಿ ಹಾಕಿದರೆ ಅದು ಖಾಲಿ! ಆಂಜಿಯೋಗ್ರಾಮ್ ಸಿಡಿಯಲ್ಲಿ ಏನೂ ಕಾಪಿ ಆಗಿರಲಿಲ್ಲ. ಹಿಂದೆ ಹೋಗಿ ಇನ್ನೊಂದು ಬರೆಸಿಕೊಂಡು ಬರಲು ಎರಡು ದಿನ ಹೋಯಿತು, ಯಾಕೆಂದರೆ ನಡುವೆ ಬುಧವಾರದ ಡಯಾಲಿಸಿಸ್ ಇತ್ತು. ಸಿಡಿ ಕೈಗೆ ಕೊಟ್ಟ ತಕ್ಷಣ ಅಲ್ಲೇ ಕಂಪ್ಯೂಟರಿನಲ್ಲಿ ತೆಗೆಸಿ ನೋಡಿ. ಒಂದು ಪೆನ್‌ಡ್ರೈವಿಗೂ ಹಾಕಿಸಿಕೊಳ್ಳಿ.

ಈ ಮೂರನೇ ಸರ್ಜನ್ ಮಾತ್ರ ಪೂರ್ತಿ ಕೂತು ಮಾತಾಡಿದರು. ಸಕ್ಕರೆ ಕಾಯಿಲೆ ಇದೆ, ಮೂರೂ ನಾಳ ಕಟ್ಟಿದೆ, ಪಂಪಿಂಗ್ ಕಡಿಮೆ, ಇಂಥವರಿಗೆ ಬೈಪಾಸ್ ಹೆಚ್ಚು ದಿನ ಬಾಳಿಕೆ ಬರುತ್ತದೆ ಅಂದರು. ಅದೇ ಉಸಿರಿನಲ್ಲಿ, ಡಯಾಲಿಸಿಸ್ ಇಲ್ಲದವರಿಗೆ ಹೋಲಿಸಿದರೆ ಅಪಾಯ ಹಲವು ಪಟ್ಟು ಜಾಸ್ತಿ ಅಂತಲೂ ಹೇಳಿದರು. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು. ಅಪ್ಪ ಮಾತ್ರ, "ಮಾಡದೇ ಇದ್ರೆ?" ಅಂತ ಕೇಳಿದರು. "ಮಿಷಿನ್ ಮೇಲೇ ಏನಾದರೂ ಆಗಬಹುದು" ಅಂದರು ಡಾಕ್ಟರ್. "ಹಂಗಾದ್ರೆ ಮಾಡಿ ಸ್ವಾಮಿ" ಅಂದರು ಅಪ್ಪ. ತೋಟದ ವ್ಯಾಪಾರ ಮುಗಿಸಿದಷ್ಟು ಸಲೀಸಾಗಿ.

ಆಸ್ಪತ್ರೆ ಆರಿಸುವಾಗ ನಾವು ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆಯೆಂದರೆ ಇದು: ಹಾರ್ಟ್ ಐಸಿಯು ಒಳಗೇ, ಹಾಸಿಗೆ ಪಕ್ಕದಲ್ಲೇ ಡಯಾಲಿಸಿಸ್ ಮಾಡುತ್ತೀರಾ? ರಾತ್ರಿ ಎರಡಕ್ಕೆ ಬೇಕಾದರೆ ಟೆಕ್ನಿಷಿಯನ್ ಬರುತ್ತಾರಾ? ನಾವು ನೋಡಿದ ಒಂದು ಕಡೆ ಡಯಾಲಿಸಿಸ್ ಘಟಕ ಬೇರೆ ಕಟ್ಟಡದಲ್ಲಿತ್ತು, ರಾತ್ರಿ ಬೀಗ. ಮಾರ್ಬಲ್ ನೆಲ, ಲಿಫ್ಟ್ ಮ್ಯೂಸಿಕ್ ಎಲ್ಲ ಇತ್ತು, ಇದೊಂದು ಇರಲಿಲ್ಲ.

ನಮಗೆ ಕನಸಲ್ಲೂ ಹೊಳೆಯದ ತೊಡಕು ಇನ್ನೊಂದಿತ್ತು. ಬೈಪಾಸಿನಲ್ಲಿ ಎದೆಯ ಒಳಗೋಡೆಯ ಎಡಭಾಗದ ಒಂದು ನಾಳದ ಕೆಳತುದಿಯನ್ನು ಬಿಡಿಸಿ ಹೃದಯಕ್ಕೆ ಜೋಡಿಸುತ್ತಾರೆ, ಮೇಲ್ತುದಿ ಇದ್ದಲ್ಲೇ ಇರುತ್ತದೆ. ಬಹಳ ವರ್ಷ ಬಾಳುವ ನಾಳ ಅದು. ಆದರೆ ಅದು ಹುಟ್ಟುವುದು ಎಡಗೈಗೆ ರಕ್ತ ಕೊಡುವ ದೊಡ್ಡ ನಾಳದಿಂದ. ಅಪ್ಪನ ಎಡಗೈಯಲ್ಲಿ ಫಿಸ್ಟುಲಾ ಇದೆ. ಮಿಷಿನ್ ಹಾಕಿದಾಗ ಫಿಸ್ಟುಲಾ ರಕ್ತವನ್ನು ತನ್ನ ಕಡೆ ಎಳೆದುಕೊಂಡರೆ ಹೃದಯಕ್ಕೆ ಕೊರತೆ ಆಗಬಹುದು. ಒಂದೇ ಕಾಲುವೆಯಿಂದ ಎರಡು ತೋಟಕ್ಕೆ ನೀರು ಬಿಟ್ಟ ಹಾಗೆ. ಹೀಗೆ ಹೇಳಿದ ಮೇಲೇ ಅಪ್ಪನಿಗೆ ಅರ್ಥವಾದದ್ದು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಫಿಸ್ಟುಲಾ ಮುಂಗೈಯಲ್ಲಿದೆ, ಹರಿವು ವಿಪರೀತ ಇಲ್ಲ, ಪರವಾಗಿಲ್ಲ ಅಂತ ತೀರ್ಮಾನವಾಯಿತು. ಉಳಿದ ಎರಡಕ್ಕೆ ಕಾಲಿನ ನಾಳ. ನಿಮ್ಮವರಿಗೆ ಎಡಗೈ ಫಿಸ್ಟುಲಾ ಇದ್ದರೆ ಈ ಪ್ರಶ್ನೆಯನ್ನು ನೀವೇ ಎತ್ತಿ. ಕಿಡ್ನಿ ಡಾಕ್ಟರನ್ನೂ ಸರ್ಜನ್ನನ್ನೂ ಫೋನಿನಲ್ಲಾದರೂ ಒಮ್ಮೆ ಮಾತಾಡಿಸಿ. ನಾನು ಸರ್ಜನ್ ಎದುರೇ ಕೂತು ಕಿಡ್ನಿ ಡಾಕ್ಟರಿಗೆ ಫೋನ್ ಹಚ್ಚಿ ಕೈಗೆ ಕೊಟ್ಟೆ. ಸ್ವಲ್ಪ ಮುಜುಗರ ಆಯಿತು, ಆದರೆ ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು.

ದಾಖಲಾದ ದಿನ ಶುಕ್ರವಾರ. ಅವತ್ತೇ ಡಯಾಲಿಸಿಸ್ ಆಗಬೇಕಿತ್ತು. ಆಗಲಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಿಪೋರ್ಟ್ ಹಳೆಯದಾಗಿದೆ, ಹೊಸದು ಬರುವ ತನಕ ಮಿಷಿನ್ ಕೊಡುವುದಿಲ್ಲ ಅಂದರು. ಸೋಂಕು ಇರುವವರಿಗೆ ಬೇರೆ ಮಿಷಿನ್ ಇಡುತ್ತಾರಲ್ಲ, ಅದಕ್ಕೆ. ನಿಯಮ ಸರಿಯೇ. ಆದರೆ ಮೊದಲೇ ಯಾರಾದರೂ ಹೇಳಬೇಕಿತ್ತು ಅಲ್ವಾ? ರಾತ್ರಿ 11ಕ್ಕೆ ರಿಪೋರ್ಟ್ ಬಂತು, ಶನಿವಾರ ಬೆಳಿಗ್ಗೆ ಮಿಷಿನ್ ಸಿಕ್ಕಿತು. ಆ ರಾತ್ರಿ ಅಪ್ಪ ಮಲಗಲಾಗದೆ ಕೂತೇ ಕಳೆದರು. ಹೋಗುವಾಗ ಈ ಮೂರು ಪರೀಕ್ಷೆಯ ಹೊಸ ರಿಪೋರ್ಟ್, ಹಿಂದಿನ ಮೂರ್ನಾಲ್ಕು ಡಯಾಲಿಸಿಸ್‌ನ ಚಾರ್ಟ್ ಜೆರಾಕ್ಸ್ ಕೈಯಲ್ಲಿರಲಿ.

ಇನ್ನೂ ಎರಡು ಕಾಯುವಿಕೆ ಇತ್ತು. ಆಂಜಿಯೋಗ್ರಾಮ್ ಆದಮೇಲೆ ರಕ್ತ ತೆಳುವಾಗಲು ಎರಡು ಮಾತ್ರೆ ಕೊಟ್ಟಿದ್ದರು. ಅದರಲ್ಲಿ ಕ್ಲೋಪಿಡೋಗ್ರೆಲ್ ನಿಲ್ಲಿಸಿ ಐದು ದಿನ ಕಳೆಯಬೇಕು. ಊರಿನಲ್ಲಿದ್ದಾಗಲೇ ಕೇಳಿ ನಿಲ್ಲಿಸಿದ್ದರೆ ಆಸ್ಪತ್ರೆ ಬಾಡಿಗೆ ಉಳಿಯುತ್ತಿತ್ತು. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ. ಇನ್ನೊಂದು, ರಕ್ತ. ಅಪ್ಪನ ಹಿಮೋಗ್ಲೋಬಿನ್ 8.2. ಡಯಾಲಿಸಿಸ್‌ನವರಿಗೆ ರಕ್ತ ಕೊಡುವುದಾದರೆ ಮಿಷಿನ್ ಓಡುವಾಗಲೇ ಕೊಟ್ಟರೆ ಒಳ್ಳೆಯದು, ನೀರೂ ಪೊಟ್ಯಾಶಿಯಂ (ರಕ್ತದಲ್ಲಿರುವ ಒಂದು ಲವಣ, ಹೆಚ್ಚಾದರೆ ಹೃದಯದ ಬಡಿತಕ್ಕೇ ಅಪಾಯ) ಕೂಡ ಅಲ್ಲೇ ಹೊರಗೆ ಹೋಗುತ್ತದೆ. ಆದರೆ ಮುಂದೆ ಕಿಡ್ನಿ ಕಸಿ ಮಾಡಿಸುವ ಯೋಚನೆ ಇದ್ದರೆ ರಕ್ತ ಆದಷ್ಟು ಕಡಿಮೆ ಹಾಕಿಸಬೇಕಂತೆ, ದೇಹದಲ್ಲಿ ಪ್ರತಿಕಾಯ ಬೆಳೆದು ಕಸಿಗೆ ಅಡ್ಡಿಯಾಗುತ್ತದೆ. ಇಂಥದ್ದನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ನಾಲ್ಕು ಜನ ದಾನಿಗಳನ್ನು ಕರೆತರಲು ಹೇಳಿದರು. ಊರಿನ ಆರು ಹುಡುಗರು ಬೆಳಗಿನ ರೈಲಿಗೆ ಯಶವಂತಪುರಕ್ಕೆ ಬಂದಿಳಿದರು. ಒಬ್ಬನಿಗೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ. ಇನ್ನೊಬ್ಬ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದ, ವರ್ಷ ಕಳೆಯುವ ತನಕ ಕೊಡುವಂತಿಲ್ಲ. ಪುಣ್ಯಕ್ಕೆ ಉಳಿದ ನಾಲ್ವರು ಪಾಸಾದರು. ಬೇಕಾದ್ದಕ್ಕಿಂತ ಇಬ್ಬರನ್ನು ಜಾಸ್ತಿಯೇ ಕರೆದುಕೊಂಡು ಹೋಗಿ, ತಿಂಡಿ ತಿನ್ನಿಸಿಕೊಂಡು ಹೋಗಿ.

ಸೋಮವಾರ ಸಂಜೆ ಹೆಪಾರಿನ್ ಇಲ್ಲದೆ ಡಯಾಲಿಸಿಸ್ ಮಾಡಿದರು. ಮಂಗಳವಾರ ಬೆಳಿಗ್ಗೆ ಆಪರೇಷನ್. ಬೆಳಗಿನ ಜಾವ 5 ಗಂಟೆಗೆ ನರ್ಸ್ ಬಂದು ಮೈಮೇಲೆ ಏನೂ ಇರಬಾರದು, ಉಡಿದಾರ ತೆಗೀರಿ ಅಂದರು. ಅಪ್ಪನದು ಬೆಳ್ಳಿ ಉಡಿದಾರ, ಮದುವೆಯಲ್ಲಿ ಮಾವನ ಮನೆಯವರು ಹಾಕಿದ್ದು. ಅಪಾಯದ ಮಾತಿಗೆ ಅಲುಗದ ಮನುಷ್ಯ ಇದಕ್ಕೆ ಹಟ ಹಿಡಿದರು. "ಹೆಣಕ್ಕೇ ಕಣಮ್ಮ ಉಡಿದಾರ ಕೀಳೋದು" ಅಂದುಬಿಟ್ಟರು. ನರ್ಸ್ ಕೇರಳದವರು, ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು. ಏನೂ ಮಾತಾಡದೆ ಕೊಂಡಿ ಬಿಚ್ಚಿ ತನ್ನ ಸೊಂಟಕ್ಕೇ ಸುತ್ತಿಕೊಂಡಳು. "ನಾನಿಟ್ಕೊಂಡಿರ್ತೀನಿ, ನೀವು ಹೋಗ್ಬನ್ನಿ" ಅಂದಳು.

ಆಪರೇಷನ್‌ಗೆ ಐದೂವರೆ ಗಂಟೆ ಹಿಡಿಯಿತು. ಹೃದಯ ನಿಲ್ಲಿಸದೆ, ಬಡಿಯುತ್ತಿರುವಾಗಲೇ ಹೊಲಿದರಂತೆ. ಕಾಯುವ ಹಾಲಿನಲ್ಲಿ ಮೈಕಿನಲ್ಲಿ ಹೆಸರು ಕೂಗಿದಾಗಲೆಲ್ಲ ಕಾಲಿನ ಶಕ್ತಿ ಹೋಗುತ್ತಿತ್ತು. ಎರಡು ಸಲ ಬಿಲ್ ಕೌಂಟರಿಗೆ, ಮೂರನೇ ಸಲ ಡಾಕ್ಟರ್.

ಐಸಿಯುವಿನಲ್ಲಿ ಮೂರು ದಿನ ಅಂದಿದ್ದರು, ಏಳು ದಿನ ಆಯಿತು. ಬುಧವಾರ ಪೊಟ್ಯಾಶಿಯಂ 6 ದಾಟಿತು. ಮಾಮೂಲಿ ನಾಲ್ಕು ಗಂಟೆಯ ಡಯಾಲಿಸಿಸ್ ತಡೆಯುವಷ್ಟು ಬಿಪಿ ಇರಲಿಲ್ಲ. ಎಂಟು ಗಂಟೆ ನಿಧಾನಕ್ಕೆ ಓಡಿಸುವ ಡಯಾಲಿಸಿಸ್ ಮಾಡಿದರು. ಹೊಸ ಗಾಯ ಅಂತ ಹೆಪಾರಿನ್ ಹಾಕುವಂತಿಲ್ಲ, ಹಾಗಾಗಿ ಒಂದು ಸಲ ರಕ್ತ ಮಿಷಿನ್ನಿನ ಫಿಲ್ಟರಿನಲ್ಲೇ ಹೆಪ್ಪುಗಟ್ಟಿತು. ಮತ್ತೆ ಹೊಸ ಸೆಟ್ಟು. ಪ್ರತಿ ಸೆಟ್ಟಿಗೂ ಬಿಲ್ಲು. ಬಿಪಿ ಕಡಿಮೆ ಇದ್ದಾಗ ಫಿಸ್ಟುಲಾ ಮುಚ್ಚಿಹೋಗುವ ಭಯವೂ ಇರುತ್ತದೆ. ನನ್ನನ್ನು ಒಳಗೆ ಬಿಡುತ್ತಿದ್ದ ಐದು ನಿಮಿಷದಲ್ಲಿ ನಾನು ಮಾಡುತ್ತಿದ್ದ ಮೊದಲ ಕೆಲಸ ಅಪ್ಪನ ಎಡಗೈ ಮುಟ್ಟಿ ಫಿಸ್ಟುಲಾದಲ್ಲಿ ರಕ್ತ ಹರಿಯುವ ಆ ಜುಮ್ಮನೆಯ ಕಂಪನ ಇದೆಯಾ ಅಂತ ನೋಡುವುದು. ಒಂದು ದಿನ ಹೋದಾಗ ಅದೇ ಕೈಗೆ ಬಿಪಿ ಪಟ್ಟಿ ಸುತ್ತಿದ್ದರು. ಕೂಗಾಡಿದೆ. ಆಮೇಲೆ ಕ್ಷಮೆ ಕೇಳಿದೆ. ಶಿಫ್ಟು ಬದಲಾದಾಗ ಹೇಳುವುದು ತಪ್ಪಿಹೋಗುತ್ತದೆ, ಅವರೂ ಮನುಷ್ಯರೇ. ಮಾರ್ಕರ್ ಪೆನ್ ತಂದು ಎಡಗೈ ಮೇಲೆ "ಬಿಪಿ ಬೇಡ, ಸೂಜಿ ಬೇಡ" ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ನೀವು ಮೊದಲ ದಿನವೇ ಬರೆಯಿರಿ.

ನಾಲ್ಕನೇ ರಾತ್ರಿ ಅಪ್ಪನಿಗೆ ಬುದ್ಧಿ ಭ್ರಮೆ ಆಯಿತು. ತೋಟದಲ್ಲಿ ಕಾಯಿ ಬೀಳ್ತಿದೆ, ಆರಿಸ್ಕೊಂಡು ಬಾ ಅಂತ ನರ್ಸಿಗೆ ಹೇಳುತ್ತಿದ್ದರಂತೆ. ನನ್ನನ್ನು ನೋಡಿ ಯಾರು ಅಂದರು. ಐಸಿಯುವಿನಲ್ಲಿ ವಯಸ್ಸಾದವರಿಗೆ ಇದು ಸಾಮಾನ್ಯ, ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ ಅಂದರು. ಸರಿಹೋಯಿತು. ಆದರೆ ಇದನ್ನು ಮುಂಚೆ ಹೇಳಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಅಷ್ಟು ಅಳುತ್ತಿರಲಿಲ್ಲ.

ವಾರ್ಡಿಗೆ ಬಂದ ಮೇಲೆ ಊಟದ ಜಗಳ. ಅಡುಗೆಮನೆಯಿಂದ ಬಂದದ್ದು ಹಾರ್ಟ್ ಪೇಷಂಟ್ ಟ್ರೇ: ಕಿತ್ತಳೆ ಹಣ್ಣು, ಟೊಮೆಟೊ ಸೂಪು, ಒಂದು ಎಳನೀರು. ಹೃದಯಕ್ಕೆ ಒಳ್ಳೆಯದೇ. ಡಯಾಲಿಸಿಸ್‌ನವರಿಗೆ ಈ ಮೂರರಲ್ಲೂ ಪೊಟ್ಯಾಶಿಯಂ. ತಿಪಟೂರಿನವರು ಎಳನೀರನ್ನು ನೋಡಿ ಹೆದರುವುದು ಅಂದರೆ ತಮಾಷೆಯಲ್ಲ. ಮೂರು ವರ್ಷದಿಂದ ಸ್ವಂತ ಮರದ ಎಳನೀರು ಬಾಯಿಗಿಟ್ಟಿಲ್ಲ ಅಪ್ಪ. ನೋಡಲು ಬಂದ ನೆಂಟರೂ ಜೋಡಿ ಜೋಡಿ ಎಳನೀರೇ ತಂದರು. ವಾಚ್‌ಮ್ಯಾನ್ ಖುಷಿಯಾಗಿ ಕುಡಿದ. ಡಯಟೀಷಿಯನ್ ಹತ್ತಿರ ಹೋಗಿ ಹಾರ್ಟ್ ಮತ್ತು ಕಿಡ್ನಿ ಎರಡೂ ಅಂತ ಚಾರ್ಟ್ ಬದಲಾಯಿಸಿಕೊಳ್ಳಿ.

ದುಡ್ಡಿನ ವಿಷಯ. ಅಂದಾಜು 4 ಲಕ್ಷ 75 ಸಾವಿರ ಕೊಟ್ಟಿದ್ದರು. ಬಿಲ್ ಆದದ್ದು 6 ಲಕ್ಷ 38 ಸಾವಿರ. ಹೆಚ್ಚಾದದ್ದೆಲ್ಲ ಐಸಿಯು ದಿನಗಳು ಮತ್ತು ಡಯಾಲಿಸಿಸ್. ಅಂದಾಜು ಕೇಳುವಾಗಲೇ ಆಪರೇಷನ್ ನಂತರದ ಡಯಾಲಿಸಿಸ್ ಸೇರಿದೆಯಾ ಅಂತ ಕೇಳಿ. ನಮ್ಮದರಲ್ಲಿ ಸೇರಿರಲಿಲ್ಲ. ನನ್ನ ಆಫೀಸಿನ ಗ್ರೂಪ್ ವಿಮೆಯಲ್ಲಿ ಅಪ್ಪ ಅಮ್ಮ ಇದ್ದರು, 4 ಲಕ್ಷದ ತನಕ. ಅದರಿಂದ 3 ಲಕ್ಷ 61 ಸಾವಿರ ಬಂತು. ಗ್ಲೌಸು, ಮಾಸ್ಕು ಅದು ಇದು ಅಂತ ಕಳೆದರು. ಉಳಿದ 2 ಲಕ್ಷ 77 ಸಾವಿರಕ್ಕೆ ಅಮ್ಮನ ಒಡವೆ ಅಡವಿಟ್ಟೆವು. ರೂಮು ಬಾಡಿಗೆ, ಊಟ, ವಾಪಸ್ ಬರಲು ಆಂಬುಲೆನ್ಸ್ ಎಲ್ಲ ಸೇರಿ ಇನ್ನೊಂದು 45 ಸಾವಿರ.

ನಾವು ಮಾಡಿದ ದೊಡ್ಡ ತಪ್ಪು ಇಲ್ಲೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೂ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ತನಕ ಸಿಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳಷ್ಟೇ ಅಲ್ಲ, ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗಳೂ ಈ ಯೋಜನೆಯಲ್ಲಿ ಇವೆ. ಆದರೆ ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಬೇಕು. ನಾವು ಗಾಬರಿಯಲ್ಲಿ ಸೀದಾ ಬೆಂಗಳೂರು ಬಸ್ ಹತ್ತಿದ್ದೆವು. ನೀವು ಹಾಗೆ ಮಾಡಬೇಡಿ.

ಡಿಸ್ಚಾರ್ಜ್ ದಿನ ಬೆಳಿಗ್ಗೆ 9ಕ್ಕೆ ಹೋಗಬಹುದು ಅಂದರು. ಬಿಟ್ಟದ್ದು ರಾತ್ರಿ 8ಕ್ಕೆ. ಆಸ್ಪತ್ರೆಯವರು ಕೇಳಿದ ಮೇಲೆ ವಿಮಾ ಕಂಪನಿ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು ಅಂತ 2024ರಿಂದ ವಿಮಾ ಪ್ರಾಧಿಕಾರದ ನಿಯಮ ಇದೆ. ಕೇಳುವುದೇ ತಡವಾದರೆ ಆ ನಿಯಮ ಏನು ಮಾಡೀತು? ನಮ್ಮ ಕಾಗದ ಬಿಲ್ಲಿಂಗಿನಿಂದ ಹೊರಟದ್ದೇ ಮಧ್ಯಾಹ್ನ ಮೂರಕ್ಕೆ. ಹಿಂದಿನ ಸಂಜೆಯೇ ಹೋಗಿ ಕೌಂಟರಿನಲ್ಲಿ ನಿಲ್ಲಿ. ಊರಿನ ಡಯಾಲಿಸಿಸ್ ಸೀಟು ಕೂಡ ಮುಖ್ಯ. ಮೂರು ವಾರ ಬರದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ಅಮ್ಮ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಹೇಳುತ್ತಿದ್ದರಿಂದ ನಮ್ಮದು ಉಳಿಯಿತು.

ಮನೆಗೆ ಬಂದ ಮೇಲೆ ಅಮ್ಮ ಮೊದಲು ಮಾಡಿದ ಕೆಲಸ ಅಪ್ಪನಿಗೆ ಉಡಿದಾರ ವಾಪಸ್ ಹಾಕಿದ್ದು. ಹಾಕಿದರೆ ಅದು ಸೊಂಟದಲ್ಲಿ ನಿಲ್ಲದೆ ಜಾರಿತು. "ನೋಡೋ, ಎಷ್ಟು ಇಳಿದೋಗಿದಾರೆ" ಅಂದಳು. ನಾನು ಹೂಂ ಅಂದೆ, ಅಷ್ಟೆ. ಸೋಮವಾರ ಡಯಾಲಿಸಿಸ್‌ಗೆ ಹೋದೆವು. ಚಾರ್ಟಿನಲ್ಲಿ ಹಳೆಯ 58 ಇತ್ತು, ನೋಟ್‌ಬುಕ್ಕಿನಲ್ಲೂ 58. ತೂಕ 58.4 ಬಂತು. ನೀರು ಏನೂ ಇಲ್ಲ, ಬರೀ 400 ಎಂಎಲ್ ತೆಗೆದರೆ ಸಾಕು ಅಂತ ಎಲ್ಲರಿಗೂ ಖುಷಿ. ಬುಧವಾರವೂ ಹಾಗೇ. ಗುರುವಾರ ರಾತ್ರಿ ಅಪ್ಪ ಉಸಿರು ಸಿಗದೆ ಎದ್ದು ಕೂತರು. ಹೃದಯವೇ ಮತ್ತೆ ಕೈಕೊಟ್ಟಿತು ಅಂದುಕೊಂಡು ಕಾರು ಓಡಿಸಿದೆ. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ತುಂಬ ನೀರು. ಬೆಳಿಗ್ಗೆ ಕಿಡ್ನಿ ಡಾಕ್ಟರ್ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಡ್ರೈ ವೇಟ್ ಇಳಿಸಿದ್ರಾ?"

ಆಗ ತಲೆಗೆ ಹೊಳೆಯಿತು. ಹಾಸಿಗೆಯಲ್ಲಿದ್ದ ಮೂರು ವಾರದಲ್ಲಿ ಮಾಂಸ ಮೂರ್ನಾಲ್ಕು ಕೆಜಿ ಕರಗಿತ್ತು. ಆ ಜಾಗದಲ್ಲಿ ನೀರು ಸೇರಿಕೊಂಡು ತೂಕ ಅಷ್ಟೇ ತೋರಿಸುತ್ತಿತ್ತು. ನಾನು ಇಡೀ ಆಸ್ಪತ್ರೆಗೆಲ್ಲ ತೋರಿಸಿಕೊಂಡು ತಿರುಗಿದ ನೋಟ್‌ಬುಕ್ಕಿನ ಮೊದಲ ಪುಟವೇ ತಪ್ಪಾಗಿತ್ತು. ಉಡಿದಾರ ಸರಿಯಾಗಿ ಹೇಳಿತ್ತು. ಆಪರೇಷನ್ ಆದಮೇಲಿನ ಮೊದಲ ಡಯಾಲಿಸಿಸ್ ಮುಂಚೆಯೇ ಡ್ರೈ ವೇಟ್ ಮತ್ತೆ ನೋಡಿ ಅಂತ ಹೇಳಿ, ಹಳೆಯ ಸಂಖ್ಯೆ ಹೊಡೆದುಹಾಕಿಸಿ.

ನಾಲ್ಕೈದು ಡಯಾಲಿಸಿಸ್‌ನಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ 54ಕ್ಕೆ ತಂದರು. ಈಗ ಮಿಷಿನ್ ಮೇಲೆ ಬಿಪಿ ಬೀಳುತ್ತಿಲ್ಲ, ದವಡೆ ನೋವೂ ಇಲ್ಲ. ಅಪ್ಪ ಬದುವಿನ ತನಕ ನಡೆದು ಬರುತ್ತಾರೆ. ಹೋದ ಸಂತೆಯ ದಿನ ಅಮ್ಮ ಅಕ್ಕಸಾಲಿಗರ ಅಂಗಡಿಗೆ ಹೋಗಿ ಉಡಿದಾರದ ನಾಲ್ಕು ಕೊಂಡಿ ತೆಗೆಸಿಕೊಂಡು ಬಂದಳು. ತೆಗೆದ ಕೊಂಡಿಗಳನ್ನು ಮಾರಲಿಲ್ಲ. ಮೈ ತುಂಬಿಕೊಂಡ ಮೇಲೆ ಮತ್ತೆ ಹಾಕಿಸಬೇಕಂತೆ, ಕಾಗದದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದಾಳೆ.